ಮಾವನ ಹೆಸರಿನಿಂದ ಶುರುವಾಗುವ ಮಾತುಗಳು

ಬೇಸಿಗೆಯ ಹುಲ್ಲುಗಾವಲಿಗೆ ಹತ್ತಿ ಬಂದು ಡೇರೆ ನಿಲ್ಲಿಸಿದ ಹೊಸತು. ಬೆಳಿಗ್ಗೆ ಕುದುರೆಗಳ ಹಾಲು ಕರೆಯುವ ಹೊತ್ತಿಗೆ ಪಟ್ಟಣದಿಂದ ದಾರಿಕಾ ಎಂಬ ಹುಡುಗಿ ಬಂದಳು. ಕುದುರೆಯಿಂದ ಇಳಿಯುವುದು ಗೊತ್ತಾಗದೆ ಸ್ವಲ್ಪ ಹೊತ್ತು ಮೇಲೆಯೇ ಕೂತಿದ್ದಳು. ಪರದೇಶದವರಿಗೆ ಬೆಟ್ಟ ತೋರಿಸುವ ಕೆಲಸಕ್ಕೆ ನನ್ನ ಸೊಸೆ ಬುರುಲ್ಚಾಳ ಇಂಗ್ಲಿಷ್ ಪರೀಕ್ಷೆ ಮಾಡಲು ಬಂದವಳು. ಸೊಸೆ ಚಳಿಗಾಲವೆಲ್ಲ ಒಲೆಯ ಬೆಳಕಿನಲ್ಲಿ, ದನಿ ಹೊರಡಿಸದೆ, ತುಟಿ ಅಲ್ಲಾಡಿಸುತ್ತ ನಿಘಂಟು ಓದಿದ್ದಳು. ಈ ಸಲ ತಪ್ಪಿದರೆ ಕೆಲಸ ಪಕ್ಕದ ಕಣಿವೆಯವರ ಪಾಲು.

ದಾರಿಕಾ ನಮ್ಮ ಮಾತಿನಲ್ಲಿ ಅರ್ಥ ಹೇಳಬೇಕು, ಸೊಸೆ ಅದರ ಇಂಗ್ಲಿಷ್ ಪದ ಹೇಳಬೇಕು. ದಾರಿಕಾ ಒಂದೇ ಅಕ್ಷರಗಳಿಂದ ಶುರುವಾಗುವ ಪದಗಳ ಚೀಟಿಗಳನ್ನು ಒಟ್ಟಿಗೆ ಕಟ್ಟು ಮಾಡಿ ತಂದಿದ್ದಳು. ಕಣ್ಣು ಮುಚ್ಚಿ ಒಂದು ಕಟ್ಟು ಎಳೆದಳು.

“ಹತೋಟಿ.”

ಸೊಸೆ ಬಾಯಿ ತೆರೆದಳು. ನನ್ನ ಕಡೆ ನೋಡಿ ಮುಚ್ಚಿದಳು.

“ಸಂಪರ್ಕ? ಗೊಂದಲ?”

ದಾರಿಕಾ ಚೀಟಿ ಕೆಳಗಿಟ್ಟಳು.

“ಏನಕ್ಕಾ, ಇಷ್ಟು ಸುಲಭದ್ದೂ ಬರಲ್ವಾ?”

“ಬರುತ್ತೆ. ಆದ್ರೆ ಹೇಳಂಗಿಲ್ಲ.”

ನನ್ನ ಹೆಸರು ಕನಿಮೆತ್. ನಮ್ಮಲ್ಲಿ ಸೊಸೆಯಾದವಳು ಮಾವನ ಹೆಸರು ಹೇಳುವಂತಿಲ್ಲ, ಅದರಂತೆ ಕೇಳಿಸುವ ಮಾತನ್ನೂ ಆಡುವಂತಿಲ್ಲ. ನನ್ನ ತಂದೆ ತೆಮಿರ್, ಎಂದರೆ ಕಬ್ಬಿಣ. ಹಾಗಾಗಿ ನನ್ನ ಹೆಂಡತಿ ಬತ್ಮಾ ಮದುವೆಯಾದಾಗಿನಿಂದ “ಆ ಗಟ್ಟೀದು ತಗೊಂಡು ಈ ಗಟ್ಟೀದಕ್ಕೆ ಬಡೀರಿ” ಎನ್ನುತ್ತಲೇ ಸಂಸಾರ ನಡೆಸಿದವಳು. ನನ್ನನ್ನು ಕರೆಯುವುದು “ಏಯ್, ಇವ್ರೇ” ಎಂದು. ಈಗ ದಾರಿಕಾಳ ಕೈಗೆ ಬಂದಿದ್ದ ಕಟ್ಟಿನ ಪದಗಳೆಲ್ಲ ‘ಕನ್’ ಎಂದೇ ಶುರುವಾಗುವಂಥವು.

“ಬೇರೆ ಕಟ್ಟು ತೆಗೀಮ್ಮಾ” ಎಂದಳು ಬತ್ಮಾ.

“ಎಳೆದದ್ದು ಎಳೆದ್ಹಂಗೆ ಅಜ್ಜಿ. ಬದಲಾಯಿಸಿದ್ರೆ ನನ್ನ ಕೆಲಸ ಹೋಗುತ್ತೆ.”

ಸೊಸೆ ತಲೆಯ ಬಟ್ಟೆಯ ತುದಿ ಕಚ್ಚಿಕೊಂಡು ಯೋಚಿಸಿದಳು. ಆಮೇಲೆ ಮೆಲ್ಲಗೆ, “ಮೊದಲ್ನೇದು, ನಮ್ಮ ಮಾವನ ಹೆಸರಿನ ಶುರುವಿನ ತುಂಡು. ಆಮೇಲೆ... ಟ್ರೋಲ್” ಎಂದಳು.

ನನ್ನ ಹೆಸರು ಹೇಳಲು ಈ ಡೇರೆಯವರಲ್ಲಿ ಅಡ್ಡಿಯಿಲ್ಲದವನು ನಾನೊಬ್ಬನೇ. ಗಂಟಲು ಸರಿಮಾಡಿಕೊಂಡು “ಕನ್” ಎಂದೆ.

“ಟ್ರೋಲ್” ಎಂದಳು ಸೊಸೆ.

ದಾರಿಕಾ ನಮ್ಮಿಬ್ಬರನ್ನೂ ನೋಡಿದಳು. “ಸಂಪರ್ಕ?”

“ಕನ್.”

“ನೆಕ್ಷನ್.”

“ಗೊಂದಲ?”

“ಕನ್!”

“ಫ್ಯೂಷನ್!”

ನನಗೆ ಹುರುಪು ಬಂತು. ದಾರಿಕಾ ಅರ್ಥ ಹೇಳಿ ಮುಗಿಸುವ ಮೊದಲೇ “ಕನ್” ಎನ್ನುತ್ತಿದ್ದೆ. ಕಟ್ಟು ಮುಗಿದ ಮೇಲೂ ಒಮ್ಮೆ ಅಂದೆ. ಹೊರಗೆ ಕಟ್ಟಿದ್ದ ಮರಿಗುದುರೆ ಬೆಚ್ಚಿ ಕೆನೆಯಿತು.

“ತಪ್ಪೊಂದೂ ಇಲ್ಲ” ಎಂದಳು ದಾರಿಕಾ. “ಆದ್ರೆ ಅಜ್ಜ, ಪರದೇಶದವ್ರ ಜೊತೆ ಅಕ್ಕ ಬೆಟ್ಟ ಹತ್ತುವಾಗ ನೀವೂ ಹಿಂದಿಂದೆ ‘ಕನ್, ಕನ್’ ಅಂತ ಹೋಗ್ತೀರಾ? ಇವ್ರೊಬ್ರೇ ಹೇಳ್ಬೇಕು. ಇಲ್ದಿದ್ರೆ ಕೆಲಸ ಇಲ್ಲ.”

ಸೊಸೆ ತಲೆ ತಗ್ಗಿಸಿ ಕೂತಳು. ನನ್ನನ್ನು ಏನೂ ಕೇಳಲಿಲ್ಲ, ಕೇಳುವವಳೂ ಅಲ್ಲ. ನನ್ನ ಮಂಡಿ ಆ ಬೆಟ್ಟ ಹತ್ತುವಂಥದ್ದಲ್ಲ. ಹೆಸರಾದರೆ ಹಗುರ, ಅದು ಅವಳ ಜೊತೆ ಹೋಗಬಹುದು ಅನ್ನಿಸಿತು. ಎರಡೂ ಅಂಗೈ ಬಿಚ್ಚಿ ಹಿಡಿದೆ.

“ಬುರುಲ್ಚಾ, ನನ್ನ ಹೆಸ್ರು ನಿನಗೆ ಕೊಟ್ಟೆ ಕಣಮ್ಮಾ. ಹೇಳು, ತಪ್ಪಿಲ್ಲ” ಎಂದು ಹರಸಿ, ನಮ್ಮ ರೂಢಿಯಂತೆ ಅಂಗೈಯಿಂದ ಮುಖ ಸವರಿಕೊಂಡೆ.

ಅವಳ ಕಿವಿ ಕೆಂಪಾಯಿತು. ಗೋಡೆ ಕಡೆ ತಿರುಗಿ, “ಕನ್‌ಟ್ರೋಲ್” ಎಂದಳು. ದಾರಿಕಾ ಚೀಟಿಯ ಮೇಲೆ ಸರಿ ಎಂಬ ಗೀಟು ಹಾಕಿದಳು.

ಬತ್ಮಾ ತೊಗಲಿನ ಚೀಲದಲ್ಲಿ ಕುದುರೆ ಹಾಲು ಕಡೆಯುವುದನ್ನು ನಿಲ್ಲಿಸಿದ್ದಳು. “ಓಹೋ! ನಿನ್ನೆ ಮೊನ್ನೆ ಬಂದೋಳಿಗೆ ಕೊಟ್ರಿ. ಹಲ್ಲು ಉದುರೋ ತನಕ ‘ಇವ್ರೇ, ಇವ್ರೇ’ ಅಂದೋಳಿಗೆ?”

ಪರೀಕ್ಷೆ ಮಾಡಲು ಬಂದವಳ ಎದುರು ಜಗಳ ಬೇಡವೆಂದು “ನೀನೂ ತಗೊ ಮಾರಾಯ್ತಿ” ಎಂದೆ.

ಅವಳು ಅಂಗಿಯ ಅಂಚಿಗೆ ಕೈ ಒರೆಸಿಕೊಂಡಳು. ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

“ಕನಿಮೆತ್! ನೀರು ತಾ.”

ಅವಳ ಬಾಯಲ್ಲಿ ಅದು ಯಾರದೋ ಹೆಸರಿನಂತೆ ಕೇಳಿಸಿತು. ಆದರೂ ಎದ್ದೆ. ಅಂದಿನಿಂದ ಕನಿಮೆತ್, ಸಗಣಿ ಬೆರಣಿ ತಾ. ಕನಿಮೆತ್, ಮರಿ ಬಿಚ್ಚು. ಕನಿಮೆತ್, ಎಲ್ಲಿ ಸತ್ತೆ? ಪಕ್ಕದ ಡೇರೆಗಳ ಹೆಂಗಸರು ಕೇಳಿ ನಗುವುದಕ್ಕೆಂದೇ ಬರುತ್ತಿದ್ದರು.

ಬುರುಲ್ಚಾ ಕೆಲಸಕ್ಕೆ ಹೊರಟಾಗ ನಾನು ಹೊಳೆಯಲ್ಲಿದ್ದೆ, ಎರಡೂ ಕೈಯಲ್ಲಿ ಕೊಡ. ಕುದುರೆ ಮೇಲಿಂದ ಸೊಸೆ ಕೈ ಬೀಸಿ, “ಹೋಗ್ಬರ್ತೀನಿ ಮಾವಾ” ಎಂದಳು. ಹೆಸರು ಹಿಡಿದು ಕರೆಯಲಿಲ್ಲ.