ಎರವಲು ಕಿವಿ

ಗೋಡೆಗೂ ಕಿವಿ ಇರುತ್ತದೆ ಎನ್ನುತ್ತಾರೆ. ಕಾಜಾದವಳಿಗೂ ಅವಳ ಗಂಡನಿಗೂ ಮಾತ್ರ ಹುಟ್ಟಿದಾಗಿನಿಂದ ಇರಲಿಲ್ಲ. ಅವಳು ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಅಂಗಿಗಳಿಗೆ ಗುಂಡಿ ತೂರುವ ಕಾಜಾ ಹೊಲಿಯುತ್ತಿದ್ದಳು. ಅವನು ಅದೇ ಕಟ್ಟಡದ ಕೆಳಗಿನ ಕೋಣೆಯಲ್ಲಿ ಅವೇ ಅಂಗಿಗಳಿಗೆ ಇಸ್ತ್ರಿ ಹಾಕುತ್ತಿದ್ದ. ಮೆಷಿನುಗಳ ಗದ್ದಲದಲ್ಲಿ ಅಲ್ಲಿ ಎಲ್ಲರೂ ಕಿವುಡರೇ, ಎಲ್ಲರೂ ಕೈಸನ್ನೆಯವರೇ. ಹಾಗಾಗಿ ಇವರ ಕೊರತೆ ಯಾರಿಗೂ ದೊಡ್ಡದಾಗಿ ಕಾಣುತ್ತಿರಲಿಲ್ಲ. ಅದು ಕಾಣುತ್ತಿದ್ದದ್ದು ಇವರು ಊರು ಬಿಟ್ಟು ಹೊರಟಾಗ.

ಬಸ್ಸು ಹೊರಡುವುದನ್ನು ಕೂಗಿ ಹೇಳುತ್ತಾರೆ. ನಿಲ್ಲುವ ಜಾಗ ಬದಲಾದರೆ ಕೂಗಿ ಹೇಳುತ್ತಾರೆ. ಊರು ಬಂತು, ಇಳೀರಿ ಎನ್ನುವುದನ್ನೂ ಕೂಗಿಯೇ ಹೇಳುತ್ತಾರೆ. ಲೋಕ ನಡೆಸುವವರಿಗೆ ಬುದ್ಧಿ ಇರಬೇಕೆಂದೇನಿಲ್ಲ, ಗಂಟಲು ಗಟ್ಟಿ ಇದ್ದರೆ ಸಾಕು. ಅದಕ್ಕೇ ಗಂಡ ಹೆಂಡತಿ ಒಂದು ಉಪಾಯ ಕಂಡುಕೊಂಡಿದ್ದರು. ತಾವು ಹೋಗುವ ಊರಿಗೇ ಹೊರಟ ಒಬ್ಬರನ್ನು ಆರಿಸಿಕೊಂಡು ಅವರ ಮೇಲೆ ಕಣ್ಣಿಡುವುದು. ಅವರು ಎದ್ದರೆ ಏಳುವುದು, ಓಡಿದರೆ ಓಡುವುದು. ಅಂಥವರಿಗೆ ಇವರ ಬೆರಳಿನ ಭಾಷೆಯಲ್ಲಿ ‘ಕಿವಿ’ ಎಂದೇ ಹೆಸರು. ತೂಕಡಿಸುವವರು ಕಿವಿಯಾಗಲು ಲಾಯಕ್ಕಲ್ಲ, ಕುಡಿದವರಂತೂ ಬೇಡವೇ ಬೇಡ. ಸಣ್ಣ ಮಕ್ಕಳ ತಾಯಂದಿರು ಎಲ್ಲರಿಗಿಂತ ಒಳ್ಳೆಯ ಕಿವಿ, ಏಕೆಂದರೆ ಅವರು ಇಳಿಯುವ ಜಾಗಕ್ಕಿಂತ ಎಷ್ಟೋ ಮೊದಲೇ ಗಂಟುಮೂಟೆ ಕಟ್ಟಿ ಎದ್ದು ನಿಲ್ಲುತ್ತಾರೆ.

ಆ ದಿನ ಇಬ್ಬರೂ ಹೊರಟಿದ್ದು ಮಗಳನ್ನು ಉಳಿಸಿಕೊಳ್ಳುವುದಕ್ಕೆ. ಮಗಳಿಗೆ ಆರು ವರ್ಷ, ಕಿವಿ ಚುರುಕು. ಮೂಗರ ಮನೆಯಲ್ಲಿ ಬೆಳೆದರೆ ಮಗುವೂ ಮೂಗಿಯಾಗುತ್ತದೆ ಎಂದು ನೆಂಟರೆಲ್ಲ ಸೇರಿ ತಲೆ ತಿಂದಿದ್ದರು. ಮಾತು ಕಲಿಯುವ ತನಕ ಇರಲಿ ಎಂದು ಎರಡು ವರ್ಷದ ಹಿಂದೆ ಅವಳನ್ನು ಗಂಡನ ಅಣ್ಣನ ಮನೆಗೆ ಕಳಿಸಿದ್ದರು. ಭಾವನಿಗೂ ಓರಗಿತ್ತಿಗೂ ಮಕ್ಕಳಿರಲಿಲ್ಲ. ಮಗಳು ಮಾತು ಕಲಿತಳು, ಅವರು ಮಗುವನ್ನು ವಾಪಸು ಕಳಿಸುವುದನ್ನು ಮರೆತರು. ಈಗ ಭಾವನಿಗೆ ಕಡಲಾಚೆ ಕೆಲಸ ಸಿಕ್ಕಿತ್ತು. ಹುಡುಗಿಯನ್ನು ದತ್ತು ಪಡೆದು ಜೊತೆಗೆ ಕರೆದೊಯ್ಯುತ್ತೇನೆಂದು ಅರ್ಜಿ ಹಾಕಿದ್ದ. ಹೆತ್ತವರು ಖುದ್ದಾಗಿ ದತ್ತು ಕಚೇರಿಗೆ ಹೋಗಿ ಒಲ್ಲೆವೆಂದರೆ ಅರ್ಜಿ ಬಿದ್ದುಹೋಗುತ್ತದೆ, ಕರೆದಾಗ ಬಾರದಿದ್ದರೆ ಒಪ್ಪಿದ ಹಾಗೆಯೇ ಲೆಕ್ಕ ಎಂದು ಕಾರ್ಖಾನೆಯ ಮೇಸ್ತ್ರಿ ಬಿಡಿಸಿ ತಿಳಿಸಿದ್ದ. ಕಾಜಾದವಳು ಅದನ್ನು ತಿಳಿದಾಗಿನಿಂದ ಸರಿಯಾಗಿ ಉಂಡಿರಲಿಲ್ಲ.

ಮೊದಲನೆಯ ಬಸ್ಸಿನಲ್ಲಿ ಪುಣ್ಯಕ್ಕೆ ಇಬ್ಬರು ಮಕ್ಕಳ ತಾಯಿಯೊಬ್ಬಳು ಸಿಕ್ಕಿದಳು. ಬಸ್ಸು ಬದಲಿಸುವ ನಿಲ್ದಾಣದಲ್ಲಿ ಅವಳ ದಾರಿ ಬೇರೆಯಾಯಿತು. ಅಲ್ಲಿ ಟಿಕೆಟ್ ಕಿಂಡಿಯ ಮುಂದೆ ತಾವು ಹೋಗುವ ಊರಿನ ಟಿಕೆಟ್ಟನ್ನೇ ಕೊಂಡ ಒಬ್ಬ ದಪ್ಪ ಮನುಷ್ಯನನ್ನು ಹಿಡಿದರು. ಅವನು ಚಹದ ಅಂಗಡಿಗೆ ಹೋದ, ಇವರೂ ಹೋದರು. ಪತ್ರಿಕೆ ಕೊಂಡ, ಇವರೂ ಪಕ್ಕದಲ್ಲಿ ನಿಂತರು. ಶೌಚಾಲಯಕ್ಕೆ ಹೋದಾಗ ಕಾಜಾದವಳು ಹೊರಗೆ ಉಳಿದಳು, ಗಂಡ ಬಾಗಿಲವರೆಗೂ ಹೋಗಿ ಕಾದ. ಯಾರಿಗಾದರೂ ಅನುಮಾನ ಬರುವ ವಿಷಯವೇ. ಆ ಮನುಷ್ಯ ಹೊರಗೆ ಬಂದವನೇ ಇವನ ಕೊರಳಪಟ್ಟಿ ಹಿಡಿದು ಜೇಬುಗಳ್ಳ ಎಂದು ಬೊಬ್ಬೆ ಹಾಕಿದ.

ಜನ ಸೇರಿದರು. ಕಾವಲಿನವನು ಬಂದು ಏನೋ ಕೇಳಿದ. ಇಸ್ತ್ರಿಯವನು ಕಿವುಡನೆಂಬ ಗುರುತಿನ ಚೀಟಿ ತೆಗೆಯಲು ಜೇಬಿಗೆ ಕೈ ಹಾಕಿದ್ದೇ ತಡ, ಎರಡೂ ಕೈಗಳನ್ನು ಬೆನ್ನ ಹಿಂದೆ ತಿರುಚಿ ಹಿಡಿದರು. ಅವನಂಥವನ ಕೈ ಕಟ್ಟಿದರೆ ಬಾಯಿ ಹೊಲಿದ ಹಾಗೆ, ಆದರೆ ಅದು ಯಾರಿಗೆ ಗೊತ್ತು? ಕೇಳಿದ್ದಕ್ಕೆ ಉತ್ತರ ಕೊಡುವುದಿಲ್ಲ, ಸೊಕ್ಕು ನೋಡು ಎಂದು ಯಾರೋ ಒಬ್ಬ ಒಂದೇಟು ಕೊಟ್ಟ. ಆಗ ಕಾಜಾದವಳು ಕೂಗಿದಳು. ತನ್ನ ಗಂಟಲಿನಿಂದ ಹೊರಡುವ ಸದ್ದಿಗೆ ಜನ ಹೆದರುತ್ತಾರೆಂದು ಶಾಲೆಯ ದಿನಗಳಲ್ಲೇ ತಿಳಿದು, ಅಂದಿನಿಂದ ಅದಕ್ಕೆ ಬೀಗ ಹಾಕಿಟ್ಟಿದ್ದಳು. ಜನ ಎರಡು ಹೆಜ್ಜೆ ಹಿಂದೆ ಸರಿದರು. ಇಬ್ಬರು ಹುಡುಗಿಯರು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು. ಅವಳು ಗಂಡನ ಜೇಬಿನಿಂದ ಚೀಟಿ ತೆಗೆದು ತೋರಿಸಿದ ಮೇಲೆ ಬಿಟ್ಟರು. ತಪ್ಪಾಯಿತು ಎಂದು ಒಬ್ಬನೂ ಹೇಳಲಿಲ್ಲ. ಅಷ್ಟು ಹೊತ್ತಿಗೆ ಬಸ್ಸು ಹೋಗಿತ್ತು.

ಮುಂದಿನ ಬಸ್ಸಿನಲ್ಲಿ ಕೂರಲು ಜಾಗ ಸಿಗಲಿಲ್ಲ. ಇಸ್ತ್ರಿಯವನು ಊದಿಕೊಂಡ ಮಣಿಕಟ್ಟಿನಲ್ಲೇ ಕಂಬಿ ಹಿಡಿದು ನಿಂತಿದ್ದ. ಇನ್ನೊಂದು ಕೈಯಲ್ಲಿ, ಅರ್ಧಂಬರ್ಧ ಸನ್ನೆಯಲ್ಲಿ, ಹೆಂಡತಿಗೆ ಹೇಳಿದ: “ಇನ್ನು ಯಾರ ಹಿಂದೇನೂ ಹೋಗೋದು ಬೇಡ ಕಣೇ. ನನಗೆ ಸಾಕಾಗಿದೆ.” ಅವಳು ಆಯಿತು ಎಂದಳು. ಆದರೂ ದಾರಿಯುದ್ದಕ್ಕೂ ಅವನಿಗೆ ತಿಳಿಯದಂತೆ ಮುಂದಿನ ಸೀಟಿನ ಮುದುಕಿಯ ಮೇಲೆ ಒಂದು ಕಣ್ಣಿಟ್ಟಿದ್ದಳು.

ಕಚೇರಿ ತಲುಪಿದಾಗ ಇನ್ನೂ ಹೊತ್ತಿತ್ತು. ಬಾಗಿಲಲ್ಲಿ ಕೂತಿದ್ದ ಗುಮಾಸ್ತೆಗೆ ಕಿವಿ ಮುಟ್ಟಿ ತೋರಿಸಿ, ಕೇಳುವುದಿಲ್ಲ, ಸರದಿ ಬಂದಾಗ ಕೈ ಮಾಡಿ ಕರೆಯಬೇಕು ಎಂದು ತಿಳಿಸಿದರು. ಅವಳು ತುಂಬ ಮರುಕದಿಂದ ತಲೆಯಾಡಿಸಿ ಬೆಂಚು ತೋರಿಸಿದಳು. ಸ್ವಲ್ಪ ಹೊತ್ತಿಗೆ ಊಟಕ್ಕೆ ಎದ್ದುಹೋದಳು, ಅವಳ ಜಾಗಕ್ಕೆ ಜವಾನನೊಬ್ಬ ಬಂದು ಬಾಗಿಲಿಗೆ ಒರಗಿ ನಿಂತ. ಮರುಕವೂ ಅವಳ ಜೊತೆ ಊಟಕ್ಕೆ ಹೋಯಿತೆಂದು ಕಾಣುತ್ತದೆ.

ಎದುರು ಬೆಂಚಿನಲ್ಲಿ ಭಾವ, ಓರಗಿತ್ತಿ, ನಡುವೆ ಮಗಳು. ಅವ್ವನನ್ನು ಕಂಡವಳೇ ಓಡಿ ಬಂದು, ಅರ್ಧಕ್ಕೆ ನಿಂತು, ದೊಡ್ಡಮ್ಮನ ಮುಖ ನೋಡಿ ವಾಪಸು ಹೋಗಿ ಕೂತಳು. ಅಲ್ಲಿಂದಲೇ ನಕ್ಕಳು. ಮುಂದಿನ ಹಲ್ಲೊಂದು ಬಿದ್ದಿತ್ತು. ಆ ಹಲ್ಲು ಬಿದ್ದ ದಿನ ತಾನು ಹತ್ತಿರ ಇರಲಿಲ್ಲವಲ್ಲ ಎಂದು ಕಾಜಾದವಳಿಗೆ ಅನ್ನಿಸಿತು. ಗಂಡನಿಗೆ ಮಾತ್ರ ನಿರಾಳವಾಗಿತ್ತು. “ಸದ್ಯ, ಇಲ್ಲಿ ಗೊತ್ತಿಲ್ಲದೋರ ಹಿಂದೆ ಬೀಳ್ಬೇಕಿಲ್ಲ” ಎಂದ. “ಕೇಸು ಒಂದೇ. ಅಣ್ಣನ್ನ ಕರೆದಾಗ ನಮ್ಮನ್ನೂ ಕರೀತಾರೆ. ಅವನೆದ್ರೆ ನಾವೂ ಏಳೋಣ.” ಕುರಿ ಕಾಯಲು ತೋಳನನ್ನು ಇಟ್ಟ ಹಾಗಾಯಿತು ಎಂದು ನಾವು ಈಗ ಹೇಳಬಹುದು. ಆದರೆ ಬೀದಿಯಲ್ಲಿ ಹೊಡೆಸಿಕೊಂಡು ಬಂದವನಿಗೆ ಒಡಹುಟ್ಟಿದವನ ಮುಖ ಕಂಡರೆ ಎದೆ ತಣ್ಣಗಾಗುವುದು ಸಹಜ. ಅವಳೂ ಒಪ್ಪಿದಳು.

ಇಬ್ಬರೂ ಭಾವನ ಮೇಲೆ ಕಣ್ಣು ನೆಟ್ಟು ಕೂತರು.

ಒಂದು ಗಳಿಗೆಯಲ್ಲಿ ಮಗಳು ತಟ್ಟನೆ ಬಾಗಿಲ ಕಡೆ ತಿರುಗಿದಳು. ಆಮೇಲೆ ಅವ್ವನ ಕಡೆ. ಅವಳ ಎರಡೂ ಕೈ ಮೇಲೆದ್ದವು. ಓರಗಿತ್ತಿ ಅವನ್ನು ಮೆಲ್ಲಗೆ ಹಿಡಿದು ತನ್ನ ಮಡಿಲಲ್ಲಿ ಇಟ್ಟುಕೊಂಡು ಮಗುವಿನ ತಲೆ ಸವರಿದಳು. ಕೈಗಳು ಮತ್ತೆ ಕೊಸರಿದವು, ಅವಳು ಮತ್ತೆ ಹಿಡಿದಳು. ಕೂತಲ್ಲಿ ಕೂರದ ಮಗು, ಪಾಪ, ಓರಗಿತ್ತಿ ಸಮಾಧಾನ ಮಾಡುತ್ತಿದ್ದಾಳೆ ಎಂದುಕೊಂಡಳು ಕಾಜಾದವಳು. ಏನೇ ಇರಲಿ, ಮಗುವಿನ ಮೇಲೆ ಪ್ರೀತಿಯಂತೂ ಇದೆ ಎಂದುಕೊಂಡಳು. ಭಾವ ಕನ್ನಡಕ ಒರೆಸುತ್ತಿದ್ದ. ಅವನು ಏಳಲಿಲ್ಲ, ಇವರೂ ಏಳಲಿಲ್ಲ.

ಸ್ವಲ್ಪ ಹೊತ್ತು ಬಿಟ್ಟು ಅವನು ಹೆಂಡತಿಯನ್ನೂ ಮಗುವನ್ನೂ ಕರೆದುಕೊಂಡು ಎದ್ದ. ಇವರೂ ಎದ್ದು ಬಟ್ಟೆ ಸರಿಮಾಡಿಕೊಂಡು ಹಿಂದೆಯೇ ಒಳಗೆ ಹೋದರು. ಮೇಜಿನ ಹಿಂದಿದ್ದ ಅಧಿಕಾರಿ ಇವರನ್ನು ಕಂಡು ಹುಬ್ಬೇರಿಸಿದ. ವಯಸ್ಸಾದವನು, ನಿಧಾನವಾಗಿ ಮಾತಾಡುವವನು, ತುಟಿ ಓದಲು ಕಷ್ಟವಾಗಲಿಲ್ಲ. ನಿಮ್ಮ ಹೆಸರು ಮತ್ತೆ ಮತ್ತೆ ಕೂಗಿಸಿದೆ, ಯಾರೂ ಬರಲಿಲ್ಲ, ಗೈರುಹಾಜರಿ ಬರೆದು ಸಹಿ ಮಾಡಿಯಾಯಿತು ಎಂದ. ಮಗಳ ಕೈಗಳು ಮೇಲೆದ್ದದ್ದು ಏಕೆಂದು ಕಾಜಾದವಳಿಗೆ ಆಗ ತಿಳಿಯಿತು.

ಅವಳ ಕೈಗಳು ಹುಚ್ಚು ಹಿಡಿದಂತೆ ಆಡಿದವು. ಇಲ್ಲೇ ಇದ್ದೆವು, ಬೆಂಚಿನ ಮೇಲೆ, ಹೊತ್ತೆಲ್ಲ ಇಲ್ಲೇ ಇದ್ದೆವು. ಅಧಿಕಾರಿ ಏನೂ ತಿಳಿಯದೆ ಭಾವನ ಕಡೆ ನೋಡಿದ. ಇವರು ಎಲ್ಲೋ ಹೊರಗಿದ್ದರು, ಈಗ ತಾನೇ ಬಂದರು ಎಂದ ಭಾವ, ತಮ್ಮನ ಮುಖ ನೋಡದೆ. ಆ ಕೋಣೆಯಲ್ಲಿ ಎರಡೂ ಭಾಷೆ ಬಲ್ಲವಳು ಒಬ್ಬಳೇ. ಕಾಜಾದವಳು ಮಂಡಿಯೂರಿ ಮಗಳ ಎದುರಿಗೆ ಕೂತಳು. “ನೀನು ನೋಡಿದ್ಯಲ್ಲ ಪುಟ್ಟಾ. ಅವರಿಗೆ ಹೇಳು.”

ಅಧಿಕಾರಿ ಕೆಟ್ಟವನಲ್ಲ. ಮೇಜಿನ ಮೇಲೆ ಬಾಗಿ ಮಗುವನ್ನೇ ಕೇಳಿದ: “ಅಪ್ಪ ಅಮ್ಮ ಹೊರಗೆ ಬೆಂಚಿನ ಮೇಲೆ ಕೂತಿದ್ರಾ ಮಗು?”

ಓರಗಿತ್ತಿಯ ಕೈ ಮಗುವಿನ ಕತ್ತಿನ ಮೇಲಿತ್ತು. ಇಸ್ತ್ರಿಯವನು ಹಿಂದೆ ನಿಂತಿದ್ದ, ಅವನಿಗೆ ಮಗಳ ಜಡೆ ಮಾತ್ರ ಕಾಣುತ್ತಿತ್ತು. ಕಾಜಾದವಳಿಗೆ ತುಟಿಗಳು ಕಂಡವು, ಹಲ್ಲಿಲ್ಲದ ಸಂದು ಕಂಡಿತು. ಮಗಳು ದೊಡ್ಡಮ್ಮನನ್ನು ನೋಡಿದಳು, ಅವ್ವನನ್ನು ನೋಡಿದಳು, ನೆಲ ನೋಡಿದಳು.

“ನಾನು ನೋಡ್ಲಿಲ್ಲ” ಎಂದಳು.

ಇನ್ನೊಮ್ಮೆ ಕೇಳಿಸಬಹುದಿತ್ತು. ಭುಜ ಹಿಡಿದು ಅಲುಗಿಸಬಹುದಿತ್ತು. ಆದರೆ ಆ ಮಗುವಿನ ಗಲ್ಲ ನಡುಗುತ್ತಿತ್ತು, ಇವತ್ತು ಸಂಜೆ ಅವಳು ಹೋಗಬೇಕಾದ ಮನೆ ಯಾವುದೆಂದು ಆ ಕೋಣೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಕಾಜಾದವಳು ಮಗಳ ಕಣ್ಣೊರೆಸಿ, ಕೆನ್ನೆಗೆ ಕೆನ್ನೆ ಇಟ್ಟು, ಎದ್ದು ನಿಂತಳು. ಮೇಲಿನ ಕಚೇರಿಗೆ ಹೋಗಬಹುದು ಎಂದು ಅಧಿಕಾರಿ ಹೇಳುತ್ತಿದ್ದ. ಆದರೆ ಭಾವನ ಹಡಗು ಆ ವಾರವೇ ಹೊರಡುವುದಿತ್ತು.

ಮೆಟ್ಟಿಲ ಮೇಲೆ ಗಂಡ ಅವಳ ತೋಳು ಹಿಡಿದು ನಿಲ್ಲಿಸಿದ. ಏನಾಯಿತು, ಮಗಳು ಏನಂದಳು ಎಂದು ಕೇಳಿದ.

ಅವಳು ಅವನ ಮುಖ ನೋಡಿದಳು. “ಹೇಳಿದ್ಲು” ಎಂದಳು. “ಅಪ್ಪ ಅಮ್ಮ ಅಲ್ಲೇ ಇದ್ರು ಅಂದ್ಲು. ಅವರು ನಂಬಲಿಲ್ಲ.”

“ಜೋರಾಗಿ ಹೇಳಿದ್ಲಾ?”

“ಜೋರಾಗೇ ಹೇಳಿದ್ಲು.”

ಅವನು ಊದಿದ ಕೈಯಿಂದಲೇ ಕಣ್ಣೊರೆಸಿಕೊಂಡ. ಅವಳಿಗೆ ಮಾತು ಬರಲಿ ಅಂತ ಕಳಿಸಿದ್ದಕ್ಕೆ ಇಷ್ಟಾದರೂ ಆಯಿತಲ್ಲ ಎಂದ. ಹೌದು ಎಂದು ಕಾಜಾದವಳು ತಲೆಯಾಡಿಸಿದಳು.