ಬೆಟ್ಟಕ್ಕೆ ಓಡಬೇಕಿದ್ದ ಬಸುರಿಯರು

ಸೊಸೆ ಒಂದು ತುತ್ತನ್ನೂ ಮುಟ್ಟದೆ ತಟ್ಟೆಯನ್ನು ಅಡುಗೆಮನೆಗೆ ವಾಪಸು ತಂದಿಟ್ಟ ದಿನವೇ ನನ್ನ ತಲೆ ಕೆಟ್ಟಿತ್ತು. ಮದುವೆಯಾಗಿ ಎಷ್ಟೋ ವರ್ಷಗಳ ಮೇಲೆ ನಿಂತ ಬಸುರು. ಇಬ್ಬರ ಊಟ ಮಾಡಬೇಕಾದವಳು ಸಂಜೆಯವರೆಗೆ ಬರೀ ನೀರು ಕುಡಿದುಕೊಂಡು ಕೂರುತ್ತಿದ್ದಳು. ಇದಕ್ಕೆಲ್ಲ ಕಾರಣ ನಮ್ಮ ಪಾಸ್ಟರು. ಕಡೇ ದಿನಗಳು ಬಂದಿವೆ, ಇಂಥ ಕಾಲದಲ್ಲಿ ಗರ್ಭಿಣಿಯರಿಗೆ ಕೇಡು ಕಾದಿದೆಯೆಂದು ಯೇಸುವೇ ಹೇಳಿದ್ದಾನೆ, ಆದ್ದರಿಂದ ಹೊಟ್ಟೆಯಲ್ಲಿ ಕೂಸಿರುವವರು ಹಗಲೆಲ್ಲ ಉಪವಾಸವಿದ್ದು ಪಶ್ಚಾತ್ತಾಪಪಡಬೇಕು ಎಂದು ಪ್ರಸಂಗ ಮಾಡಿದ್ದರು.

ಕೂಸು ಬೆಳೆಯುತ್ತಿಲ್ಲ, ಹೀಗೇ ಆದರೆ ಉಳಿಯುವುದು ಕಷ್ಟ ಎಂದರು ಡಾಕ್ಟರಮ್ಮ. ಮಗನನ್ನು ಕೇಳಿದರೆ, ಪಾಸ್ಟರು ಹೇಳಿದ ಮೇಲೆ ಮುಗಿಯಿತು ಅಂದ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಪೈಕಿ ಅವನು, ಥೇಟ್ ಅವರಪ್ಪ. ಸೊಸೆಯ ಎದುರು ಬೈಬಲ್ ಬಿಚ್ಚಿಟ್ಟುಕೊಂಡು ಗಂಟಲು ಒಣಗುವ ತನಕ ವಿವರಿಸಿದೆ. ನೀವು ಹೇಳುವುದು ಸರಿಯಿರಬಹುದು ಅತ್ತೆ, ಆದರೆ ಅವರು ಪೀಠದಲ್ಲಿ ನಿಂತು ಹೇಳಿದ್ದಾರಲ್ಲ ಅಂದಳು.

ಹಾಗಾದರೆ ನಾನೂ ಅಲ್ಲೇ ನಿಂತು ಹೇಳಬೇಕು ಅಂದುಕೊಂಡೆ.

ನಮ್ಮ ಸಭೆಯಲ್ಲಿ ಹೆಂಗಸರು ಪ್ರಸಂಗ ಮಾಡುವಂತಿಲ್ಲ, ಸಾಕ್ಷಿ ಹೇಳಬಹುದು. ಅಂದರೆ ಸೊಂಟನೋವು ವಾಸಿಯಾಯಿತು, ಮಗಳಿಗೆ ಗಂಡು ಸಿಕ್ಕಿತು, ದೇವರಿಗೆ ಸ್ತೋತ್ರ ಅಂತ ಹೇಳಿ ತೆಪ್ಪಗೆ ಕೂರುವುದು. ಭಾನುವಾರ ಸಾಕ್ಷಿಯ ಹೊತ್ತಿಗೆ ಎದ್ದುಹೋಗಿ ಮೈಕ್ ಹಿಡಿದೆ. ಸೌಂಡ್ ಬಾಕ್ಸಿನ ಪಕ್ಕ ಕೂತಿದ್ದ ನಮ್ಮ ಯಜಮಾನರ ಮುಖ ಬಿಳಿಚಿಕೊಂಡಿತು. ಹೆಂಡತಿಗೆ ಸೊಂಟನೋವಿಲ್ಲ ಎನ್ನುವುದು ಅವರಿಗೆ ಗೊತ್ತಿತ್ತು.

ಗರ್ಭಿಣಿಯರ ಆ ಮಾತನ್ನು ಯೇಸು ಹೇಳಿದ್ದು ಯೆರೂಸಲೇಮಿನ ಸುತ್ತಣ ಯೂದಾಯದ ಜನರಿಗೆ ಎಂದೆ. ಬೆಟ್ಟಕ್ಕೆ ಓಡಿ, ಆ ಓಟ ಚಳಿಗಾಲದಲ್ಲಾಗಲಿ ಸಬ್ಬತ್ತಿನ ವಿಶ್ರಾಂತಿ ದಿನದಲ್ಲಾಗಲಿ ಬಾರದಿರಲಿ ಎಂದು ಅದೇ ಪುಟದಲ್ಲಿದೆ. ಲೋಕವೇ ಮುಗಿಯುವುದಾದರೆ ಬೆಟ್ಟ ಹತ್ತಿ ಯಾವ ಪ್ರಯೋಜನ? ಚಳಿಗಾಲವಾದರೇನು, ಬೇಸಿಗೆಯಾದರೇನು? ಅದನ್ನು ಕೇಳಿಸಿಕೊಂಡವರಲ್ಲಿ ಕೆಲವರು ಮುದುಕರಾಗುವಷ್ಟರಲ್ಲಿ ರೋಮಿನ ದಂಡು ಯೆರೂಸಲೇಮಿಗೆ ಮುತ್ತಿಗೆ ಹಾಕಿ ದೇವಾಲಯವನ್ನು ಸುಟ್ಟಿತು. ಅಂಥ ಓಟದಲ್ಲಿ ತುಂಬು ಬಸುರಿ ಹೇಗೆ ಬೆಟ್ಟ ಹತ್ತಿಯಾಳು ಎಂದು ಕರುಳು ಚುರುಕ್ ಎಂದು ಆಡಿದ ಮಾತದು, ಶಾಪವಲ್ಲ ಎಂದೆ.

ಪಾಸ್ಟರು ಕೈಸನ್ನೆ ಮಾಡಿದರು, ಯಜಮಾನರು ಮೈಕ್ ಆಫ್ ಮಾಡಿದರು. ಹೈಸ್ಕೂಲಿನಲ್ಲಿ ಚರಿತ್ರೆ ಕಲಿಸಿ ರಿಟೈರ್ ಆದವಳು ನಾನು. ಕೊನೇ ಬೆಂಚಿನ ತರಲೆಗಳಿಗೂ ಕೇಳುವ ಹಾಗೆ ಕೂಗಲು ನನಗೆ ಯಾರು ಮೈಕ್ ಕೊಟ್ಟಿದ್ದರು?

"ಟೀಚರಮ್ಮ, ಪ್ರವಾದನೆ ಬೇರೆ, ನಿಮ್ಮ ಪಾಠ ಬೇರೆ. ಕೂತ್ಕೊಳ್ಳಿ," ಅಂದರು ಪಾಸ್ಟರು.

"ಕೂರಲ್ಲ. ಮುತ್ತಿಗೆ ಒಳಗೆ ಸಿಕ್ಕಿಕೊಂಡ ಹೆಂಗಸರು ಏನಾದ್ರು ಗೊತ್ತಾ ನಿಮಗೆ? ಹಸಿವಿನಿಂದ ಸತ್ರು. ಒಂದು ಹಿಡಿ ಕಾಳೂ ಒಳಗೆ ಹೋಗದ ಹಾಗೆ ರೋಮಿನೋರು ಊರ ಸುತ್ತ ಗೋಡೆ ಕಟ್ಟಿದ್ರು. ನನ್ನ ಸೊಸೆ ಸುತ್ತ ಗೋಡೆ ಕಟ್ಟಿರೋರು ನೀವು."

ತಪ್ಪೊಪ್ಪಿಕೊಳ್ಳುವ ತನಕ ನನಗೆ ಪ್ರಭುಭೋಜನದ ರೊಟ್ಟಿ, ದ್ರಾಕ್ಷಾರಸ ಇಲ್ಲ ಎಂದು ಪಾಸ್ಟರು ಅಲ್ಲೇ ತೀರ್ಪು ಕೊಟ್ಟರು. ಹುಟ್ಟಿದಾಗಿನಿಂದ ನನ್ನದೆಂದುಕೊಂಡಿದ್ದ ಸಭೆ ಅದು. ಆದರೂ, ನಮ್ಮ ಮನೆಯ ಬಸುರಿ ಉಪವಾಸ ಕೂತಿರುವಾಗ ಇಲ್ಲಿನ ರೊಟ್ಟಿ ನನಗೂ ಬೇಡ ಎಂದುಬಿಟ್ಟೆ.

ಹಿಂದಿನ ಸಾಲಿನಲ್ಲಿ ಸೊಸೆ ಎದ್ದುನಿಂತಳು. ಮಗ ಅವಳ ಸೆರಗು ಹಿಡಿದು ಜಗ್ಗಿದ, ಅವಳು ಬಿಡಿಸಿಕೊಂಡಳು.

"ಅತ್ತೆ, ಆ ಬಸುರಿಯರಲ್ಲಿ ಯಾರಾದ್ರೂ ಬದುಕಿದ್ರಾ?"

ನಾನು ಅವಳಿಗೆ ಸುಳ್ಳು ಹೇಳಲಾರೆ.

"ಒಳಗೆ ಉಳಿದೋರ ಗತಿ ಹೇಳಿದ್ನಲ್ಲಮ್ಮ. ಗೋಡೆ ಏಳೋದಕ್ಕೆ ಮುಂಚೆ ಊರು ಬಿಟ್ಟೋರು ಬದುಕಿರ್ತಾರೆ."

ಅವಳು ಬೈಬಲನ್ನು ಬ್ಯಾಗಿಗೆ ಹಾಕಿಕೊಂಡಳು. ಒಂದು ಕೈ ಹೊಟ್ಟೆಯ ಮೇಲಿಟ್ಟು, ಎರಡೂ ಕಡೆಯ ಬೆಂಚುಗಳ ನಡುವೆ ಎಲ್ಲರ ಕಣ್ಣೆದುರು ಬಾಗಿಲವರೆಗೆ ನಡೆದು ತಿರುಗಿದಳು.

"ಹಾಗಾದ್ರೆ ನಡೀರಿ ಅತ್ತೆ. ನಂಗೆ ಹಸಿವಾಗ್ತಿದೆ."