ಟಿಫಿನ್ ಡಬ್ಬಿಯ ರೈಲು

ಹಸನಬೀ ಬಂದವಳೇ ಅಡಿಗೆಮನೆಯ ಬಾಗಿಲಿಗೆ ಅಡ್ಡ ಕುಳಿತಳು. ನೀರು ಬೇಡ ಅಂದಳು, ಚಹಾನೂ ಬೇಡ ಅಂದಳು. ಕೇಕಿನ ಸುದ್ದಿ ಕೇಳಿ ಇರಕಲ್ಲಗಡದಿಂದ ಬಸ್ಸು ಬದಲಿಸಿ ಗಂಗಾವತಿಗೆ ಬಂದವಳಿಗೆ ಬೇಕಾಗಿದ್ದದ್ದು ಜಗಳ ಒಂದೇ. ಅದನ್ನು ಊರಿಂದಲೇ ಕಟ್ಟಿಕೊಂಡು ಬಂದಿದ್ದಳು.

ಒಳಗೆ ಜಾಸ್ಮೀನ ಒಲೆಯ ಮುಂದೆ ನಿಂತಿದ್ದಳು. ಜನ್ಮದಲ್ಲಿ ಕೇಕು ಮಾಡಿದವಳಲ್ಲ. ಅಬ್ದುಲರೌಫನ ಎರಡನೆಯ ಹೆಂಡತಿಯಾಗಿ ಈ ಮನೆಗೆ ಬಂದು ಮೂರು ವರ್ಷವಾಗಿತ್ತು. ಮೊದಲ ಹೆಂಡತಿ ಗುಲ್ಶನ, ಇದೇ ಹಸನಬೀಯ ಮಗಳು, ಶಾಹೀದನನ್ನು ಹೆತ್ತ ದಿನವೇ ತೀರಿಕೊಂಡಿದ್ದಳು. ಹಾಗಾಗಿ ಶಾಹೀದನ ಹುಟ್ಟುಹಬ್ಬ ಅನ್ನುವ ಮಾತನ್ನು ಈ ಮನೆಯಲ್ಲಿ ಯಾರೂ ಬಾಯಿಬಿಟ್ಟು ಆಡಿರಲಿಲ್ಲ. ಶಾಲೆಯಲ್ಲಿ ಎಲ್ಲರ ಹುಟ್ಟುಹಬ್ಬಕ್ಕೂ ಚಪ್ಪಾಳೆ ತಟ್ಟಿ ಬರುತ್ತಿದ್ದ ಹುಡುಗ ಹೋದ ವಾರ, ರೈಲಿನಂಥ ಕೇಕು ಮನೆಯಲ್ಲೂ ಮಾಡಬಹುದಾ ಎಂದು ಮೆಲ್ಲಗೆ ಕೇಳಿದ್ದ. ಅವನಿಗೆ ಆರು ತುಂಬುವುದರಲ್ಲಿತ್ತು. ಜಾಸ್ಮೀನ ಹಿಂದೆಮುಂದೆ ನೋಡದೆ ಹೂಂ ಅಂದುಬಿಟ್ಟಿದ್ದಳು. ಇವತ್ತೇ ಆ ದಿನ, ಹುಡುಗ ನೆರೆಮನೆಯಲ್ಲಿ ಆಡುತ್ತಿದ್ದ.

ಅತ್ತೆಯ ಮುಖ ಕಂಡದ್ದೇ ತಡ, ಅಬ್ದುಲರೌಫ ಅಂಗಡಿಯಲ್ಲಿ ಕೆಲಸವಿದೆ ಎಂದು ಕಾಲ್ಕಿತ್ತ. ಇಂಥ ಹೊತ್ತಿಗೆ ಅಂಗಡಿ ನೆನಪಾಗುವುದರಲ್ಲಿ ಅವನನ್ನು ಮೀರಿಸುವವರಿಲ್ಲ.

ಫೋನಿನ ವಿಡಿಯೋದಲ್ಲಿ ತೋರಿಸಿದ ಅಚ್ಚು ಗಂಗಾವತಿ ತುಂಬ ಹುಡುಕಿದರೂ ಸಿಕ್ಕಿರಲಿಲ್ಲ. ಶಾಹೀದನ ಉದ್ದನೆಯ ಸ್ಟೀಲಿನ ಟಿಫಿನ್ ಡಬ್ಬಿಗೇ ಎಣ್ಣೆ ಸವರಿ, ಹಿಟ್ಟು ಸುರಿದು, ಕುಕ್ಕರಿನ ತಳಕ್ಕೆ ಉಪ್ಪು ಹಾಸಿ, ಸೀಟಿ ತೆಗೆದಿಟ್ಟು ಬೇಯಿಸುತ್ತಿದ್ದಳು. ಡಬ್ಬಿ ಇದ್ದದ್ದು ಒಂದೇ, ಆದ್ದರಿಂದ ಒಂದಾದ ಮೇಲೆ ಒಂದು ಬೋಗಿ. ಮೊದಲನೆಯದು ಸೀದು ಕರ್ರಗಾಯಿತು. ಎರಡನೆಯದನ್ನು ಬೆಂದಿತೋ ಇಲ್ಲವೋ ಎಂದು ಮೂರು ಸಲ ಮುಚ್ಚಳ ತೆಗೆದು ನೋಡಿದ್ದಕ್ಕೆ ನಡುವೆ ಕುಸಿದು ಕೂತಿತು.

“ಸತ್ತ ದಿನಕ್ಕ ಕೇಕು ಕೊಯ್ತಾರೇನು ಯಾರರ?” ಹಸನಬೀ ಶುರು ಮಾಡಿದಳು. “ನನ್ನ ಮಗಳು ಮಣ್ಣಾಗ ಮಲಗ್ಯಾಳ, ನೀ ಇಲ್ಲಿ ಮೇಣಬತ್ತಿ ಹಚ್ಚಾಕಿ.”

“ಮುಂಜಾನಿಂದ ಒಂದು ಬೋಗಿ ಸುಟ್ಟೇನ್ರಿ ಖಾಲಾ. ಇನ್ನೊಂದು ಸುಡಸಬ್ಯಾಡ್ರಿ.”

“ಹೆತ್ತಾಕಿ ಜಾಗಾಕ ಬಂದು ಕುಂತಿ. ಈಗ ಹೆತ್ತಾಕಿ ದಿನಾನೂ ಬೇಕಾತು ನಿನಗ.”

ಈ ಮಾತು ನಾಟಿತು. ಜಾಸ್ಮೀನ ಚಮಚವನ್ನು ಪಾತ್ರೆಗೆ ಕುಕ್ಕಿ ತಿರುಗಿ ನಿಂತಳು. “ಗುಲ್ಶನಕ್ಕ ತೀರಿಹೋದ ದಿನದ ಬರಸಿ ಯಾವಾಗ ಮಾಡಿದ್ವಿ, ನೆನಪೈತೇನ್ರಿ? ಎರಡು ತಿಂಗಳಾತು. ಫಾತೇಹಾ ಓದ್ಸಿದ್ದೂ ಇಲ್ಲೇ, ಬಿರಿಯಾನಿ ನಾನ ಮಾಡಿದ್ದೆ, ನೀವೂ ಉಂಡು ಹೋದ್ರಿ.”

“ಅದು ಚಾಂದ್ ಲೆಕ್ಕ.”

“ಹೂಂನ್ರಿ, ಚಾಂದ್ ಲೆಕ್ಕ, ಚಂದ್ರನ ತಿಂಗಳು. ವರ್ಷಾ ಹತ್ತು ಹನ್ನೊಂದು ದಿನ ಮೊದಲ ಬರತೈತಿ. ಆರು ವರ್ಷದಾಗ ಅಕ್ಕನ ದಿನ ಎರಡು ತಿಂಗಳು ಹಿಂದಕ್ಕ ಸರದೈತಿ. ಈ ತಾರೀಖಿನಾಗ ಉಳದಾಂವ ಹುಡುಗ ಒಬ್ಬನ. ಅಕಿ ದಿನ ಅಕಿಗೆ ಕೊಟ್ಟೇವಿ. ಇವನ ದಿನ ಇವಂಗ ಬಿಡ್ರಿ.”

ಮಾತಿನಲ್ಲಿ ಸೋತಾಗ ಹಸನಬೀ ಇನ್ನಷ್ಟು ಕೆಟ್ಟವಳಾಗುತ್ತಿದ್ದಳು. “ಆಗಲಿ. ಸಂಜಿಗೆ ಅವನು ಚಾಕು ಹಿಡೀಲಿ. ತಾಯಿ ಹೆಂಗ ಸತ್ಲು ಅಂತ ಎಲ್ಲಾರ ಮುಂದ ನಾ ಹೇಳತೇನಿ.”

ತಾಯಿ ಜ್ವರ ಬಂದು ತೀರಿಕೊಂಡಳು ಎಂದೇ ಜಾಸ್ಮೀನ ಹುಡುಗನಿಗೆ ಹೇಳುತ್ತ ಬಂದಿದ್ದಳು. ತನ್ನನ್ನು ಹೆರಲು ಹೋಗಿ ತಾಯಿ ಸತ್ತಳು ಎಂಬುದು ಆ ಪುಟ್ಟ ತಲೆಗೆ ಇಷ್ಟು ಬೇಗ ಹೋಗಬಾರದು, ಅದಷ್ಟೇ ಅವಳ ಹಟ. ತಿರುಗಿ ಮುಂದಿನ ಬೋಗಿಗೆ ಹಿಟ್ಟು ಕಲೆಸತೊಡಗಿದಳು.

ಸಂಜೆಗೆ ರೈಲು ತಯಾರಾಯಿತು, ರೈಲು ಅಂದುಕೊಂಡರೆ ರೈಲು. ಬಿಸಿ ಆರುವ ಮೊದಲೇ ಹಚ್ಚಿದ ಕ್ರೀಮು ಕಿಟಕಿಗಳ ಸಮೇತ ಕೆಳಗೆ ಜಾರಿತ್ತು. ಬಿಸ್ಕೀಟಿನ ಗಾಲಿಗಳಲ್ಲಿ ಎರಡು ಸೊಟ್ಟಗಿದ್ದವು. ನೆರೆಮನೆಯ ಮಕ್ಕಳು ಮಾತ್ರ ರೈಲು, ರೈಲು ಎಂದು ಕುಣಿದವು. ಜಾಸ್ಮೀನ ಆರು ಮೇಣಬತ್ತಿ ಹಚ್ಚಿ, ಹಸನಬೀಯ ಮೇಲೆ ಒಂದು ಕಣ್ಣಿಟ್ಟು, ಊದು ಅಂದಳು.

ಶಾಹೀದ ಊದಲಿಲ್ಲ. ಕೈ ಹಿಂದೆ ಕಟ್ಟಿಕೊಂಡು ಅಜ್ಜಿಯನ್ನೇ ನೋಡಿದ.

“ನಾನಿ, ಊದ್ಲೇನು? ಗುಲ್ಶನಮ್ಮಿ ನನ್ನ ಸಲುವಾಗಿ ಸತ್ಲು ಅಂತ ಬರಸಿ ದಿನ ಹೇಳಿದ್ಯಲ್ಲ. ಊದಿದ್ರ ಸಿಟ್ಟಾಗತಿಯೇನು?”

ಹೇಳುತ್ತೇನೆ ಎಂದು ಹೆದರಿಸಿದವಳು ಆ ಕೆಲಸವನ್ನು ಆಗಲೇ ಮುಗಿಸಿದ್ದಳು. ಎರಡು ತಿಂಗಳಿಂದ ಹುಡುಗ ಅದನ್ನು ಹೊಟ್ಟೆಯಲ್ಲಿಟ್ಟುಕೊಂಡು, ದಿನಾ ಡಬ್ಬಿ ಖಾಲಿ ಮಾಡಿ, ಏನೂ ಆಗಿಲ್ಲದವನಂತೆ ಶಾಲೆಗೆ ಹೋಗಿ ಬಂದಿದ್ದ. ಜಾಸ್ಮೀನಳಿಗೆ ಆ ಮುದುಕಿಯ ಕುತ್ತಿಗೆ ಹಿಚುಕುವಷ್ಟು ಸಿಟ್ಟು ಬಂತು.

“ನೀವ ಹೇಳಬೇಕ್ರಿ ಈಗ,” ಅಂದಳು. “ಊದು ಅಂತ ಅವಂಗ ನೀವ ಹೇಳ್ರಿ. ಹೇಳೂತನಕ ಈ ಮನಿಯಿಂದ ಹೊರಗ ಬಿಡಂಗಿಲ್ಲ.”

ಮೇಣ ಕರಗಿ ಕ್ರೀಮಿನ ಮೇಲೆ ಇಳಿಯುತ್ತಿತ್ತು. ಹಸನಬೀಯ ಮುಖ ಒಂದಿಷ್ಟೂ ಸಡಿಲಾಗಲಿಲ್ಲ.

“ಊದು,” ಅಂದಳು, ಕಲ್ಲು ಒಗೆದಂತೆ.

ಹುಡುಗ ಒಂದೇ ಉಸಿರಿಗೆ ಆರನ್ನೂ ಆರಿಸಿದ. ಕೇಕು ಕೊಯ್ಯುವುದನ್ನು ನೋಡಲು ಹಸನಬೀ ನಿಲ್ಲಲಿಲ್ಲ, ಚೀಲ ಎತ್ತಿಕೊಂಡು ಹೊರಟಳು. ಯಾರೂ ತಡೆಯಲಿಲ್ಲ.

“ಅಮ್ಮಿ, ಮುಂದಿನ ವರ್ಷಾನೂ ನಾನಿಯನ್ನ ಕೇಳಬೇಕೇನು?”

“ಬ್ಯಾಡ,” ಅಂದಳು ಜಾಸ್ಮೀನ, ಹೊರಗೆ ಚಪ್ಪಲಿ ಮೆಟ್ಟುತ್ತಿದ್ದವಳಿಗೆ ಕೇಳಿಸುವಷ್ಟು ಜೋರಾಗಿ.